ಕಪ್ಪೆ ಹಿಡಿದ ಕೈ

ಜೂನ್ 6, 1963, ಗುರುವಾರ

ಫಲಿತಾಂಶ ಬಂತು. ಬಿ.ಎಸ್ಸಿ., ಎರಡನೇ ದರ್ಜೆ. ಪತ್ರಿಕೆಯಲ್ಲಿ ಹೆಸರು ಹಾಕುವುದಿಲ್ಲ, ಬರೀ ನಂಬರು. ಅಪ್ಪ ನನ್ನ ನಂಬರಿನ ಕೆಳಗೆ ಉಗುರಿನಿಂದ ಗೀರಿ, ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಅಂಗಡಿಗೆ ತೆಗೆದುಕೊಂಡು ಹೋದರು. ಮಂಡಿಪೇಟೆಯಲ್ಲಿ ನಮ್ಮದು ಗೋಣಿಚೀಲ, ಹಗ್ಗದ ವ್ಯಾಪಾರ. ಇವತ್ತು ಅಲ್ಲಿ ಹಗ್ಗಕ್ಕಿಂತ ಆ ಪತ್ರಿಕೆಯನ್ನೇ ಜನ ಹೆಚ್ಚು ಮುಟ್ಟಿ ನೋಡಿರಬೇಕು. ಸಂಜೆ ಅದು ಮನೆಗೆ ಬಂದಾಗ ಅಂಚೆಲ್ಲ ಹರಿದಿತ್ತು.

ಮುಂದೇನು ಎಂದು ಕೇಳಿದವರು ಏಳು ಜನ. ಕೇಳಿದವರೇ ಉತ್ತರವನ್ನೂ ಹೇಳಿದರು. ಡಾಕ್ಟರ್ ಓದಿಸಿ ಎಂದವರು ಇಬ್ಬರು. ಅದಕ್ಕೆ ನನ್ನ ಅಂಕ ಸಾಲದು. ಮೈಸೂರಿಗೆ ಎಂ.ಎಸ್ಸಿ.ಗೆ ಕಳಿಸಿ ಎಂದವರು ಒಬ್ಬರು. ಅದಕ್ಕೆ ಅಪ್ಪನ ಧೈರ್ಯ ಸಾಲದು. ಉಳಿದವರೆಲ್ಲ ಮದುವೆ ಎಂದರು. ಅಪ್ಪ ಅವರಿಗೆಲ್ಲ ಕಾಫಿ ಕೊಡಿಸಿ ಮಾತು ಬದಲಿಸಿದರಂತೆ.

ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಸುಮಾರು ಹಾಳೆ ಖಾಲಿ ಉಳಿದಿವೆ. ದಂಡ ಮಾಡುವುದೇಕೆ ಎಂದು ಇದರಲ್ಲೇ ಬರೆಯುತ್ತಿದ್ದೇನೆ. ಈ ಪುಸ್ತಕವನ್ನು ಮನೆಯಲ್ಲಿ ಯಾರೂ ತೆರೆಯುವುದಿಲ್ಲ. ತೆರೆಯದ ಹಾಗೆ ಮೂರು ವರ್ಷ ನಾನೇ ನೋಡಿಕೊಂಡಿದ್ದೇನೆ.

ಜೂನ್ 10, ಸೋಮವಾರ

ಹರಿಹರದಿಂದ ಅನ್ನಪೂರ್ಣತ್ತೆ ಬಂದಿದ್ದರು. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೂ ಅತ್ತೆಮನೆಯಲ್ಲೇ ಇದ್ದು, ಮೈದುನಂದಿರ ಮೇಲೆ ದರ್ಬಾರು ಮಾಡುತ್ತಿದ್ದಾರೆ. ದೊಡ್ಡ ಮೈದುನ ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನ ಕಮಿಟಿಯಲ್ಲಿದ್ದಾನೆ. ಶಾಲೆಗೆ ವಿಜ್ಞಾನದ ಟೀಚರ್ ಬೇಕು.

"ಹೆಣ್ಣುಮಕ್ಕಳ ಶಾಲೆ. ಟೀಚರೂ ಎಲ್ಲಾ ಹೆಂಗಸ್ರೇ. ನಮ್ಮನೇಲೇ ಇರ್ತಾಳೆ, ಹೊಳೆ ನೀರು ಕುಡೀತಾಳೆ. ಇನ್ನೇನ್ ಬೇಕೋ ಪರಮೇಶಿ ನಿಂಗೆ?" ಎಂದರು ಅತ್ತೆ. ಅಪ್ಪನನ್ನು ಪರಮೇಶಿ ಎನ್ನುವವರು ಈಗ ಅವರೊಬ್ಬರೇ.

ಅಪ್ಪ ನನ್ನ ಕಡೆ ನೋಡಿದರು. "ಏನಂತಿ?"

"ಆಗಲಿ" ಎಂದೆ.

ನನಗೆ ಯಾವುದಾದರೂ ಒಂದೇ. ಬೇಡ ಎನ್ನಬೇಕಾದರೆ ಕಾರಣ ಹುಡುಕಬೇಕು. ಆಗಲಿ ಎನ್ನಲು ಏನೂ ಬೇಡ. ಅವ್ವ ಸಂತೋಷದಿಂದ ಹೋಳಿಗೆ ಮಾಡಿದಳು.

ಜೂನ್ 14, ಶುಕ್ರವಾರ

ಸರ್ಟಿಫಿಕೇಟ್ ತರಲು ಕಾಲೇಜಿಗೆ ಹೋಗಿದ್ದೆ. ಪ್ರಾಣಿಶಾಸ್ತ್ರದ ಮುಖ್ಯಸ್ಥರಾದ ಬಕ್ಕೇಶಪ್ಪ ಮೇಷ್ಟ್ರು ವರಾಂಡದಲ್ಲೇ ಹಿಡಿದರು. ಲ್ಯಾಬಿನಲ್ಲಿ ಹುಡುಗರಿಗೆ ಕೈ ತಿದ್ದುತ್ತಿದ್ದ ಡೆಮಾನ್‌ಸ್ಟ್ರೇಟರ್ ಬೇರೆ ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಹೋಗಿಬಿಟ್ಟಿದ್ದಾರೆ.

"ಎರಡು ವಾರ ಬಂದು ಪ್ರಾಕ್ಟಿಕಲ್ ನೋಡ್ಕಳಮ್ಮ. ಅಷ್ಟರಾಗೆ ಯಾರಾದ್ರೂ ಸಿಗ್ತಾರೆ" ಎಂದರು.

ಹರಿಹರದ ಶಾಲೆ ಶುರುವಾಗುವವರೆಗೂ ಮನೆಯಲ್ಲಿ ಅಕ್ಕಿ ಆರಿಸುವುದು ತಪ್ಪಿತಲ್ಲ ಎಂದು ಒಪ್ಪಿದೆ. ಮನೆಯಲ್ಲಿ ಲೈಬ್ರರಿ ಕೆಲಸ ಎಂದು ಹೇಳಿದೆ.

ಅವ್ವನ ಪ್ರಕಾರ ಪ್ರಾಣಿಶಾಸ್ತ್ರ ಎಂದರೆ ಆನೆ, ಹುಲಿ, ಒಂಟೆಗಳ ವಿಷಯ ಓದಿ ಚಿತ್ರ ಬರೆಯುವುದು. ಮೊದಲ ವರ್ಷವೇ ಹಾಗೆಂದು ಹೇಳಿಟ್ಟಿದ್ದೆ. ಕೈಗೆ ಅಂಟುವ ಫಾರ್ಮಾಲಿನ್ ವಾಸನೆಯನ್ನು ರಸಾಯನಶಾಸ್ತ್ರದ ತಲೆಗೆ ಕಟ್ಟಿದ್ದೆ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಮನೆ ನಮ್ಮದು. ಬೆಳಿಗ್ಗೆ ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ. ಹತ್ತೂವರೆಗೆ ಅದೇ ಎಡಗೈಯಲ್ಲಿ ಕಪ್ಪೆ. ನಡುವೆ ಒಂದು ಮೈಲಿ ದಾರಿ, ಅಷ್ಟೇ. ಇದರಿಂದ ಮೂರು ವರ್ಷದಲ್ಲಿ ಒಂದು ತುತ್ತು ಅನ್ನವೂ ನನಗೆ ಗಂಟಲಲ್ಲಿ ನಿಂತಿಲ್ಲ. ಸುಳ್ಳು ಹೇಳುವಾಗ ನನ್ನ ಮುಖ ಸ್ವಲ್ಪವೂ ಬದಲಾಗುವುದಿಲ್ಲ. ಇದೊಂದು ಗುಣಕ್ಕೆ ಮೊದಲ ದರ್ಜೆಯೇ ಕೊಡಬಹುದು.

ಜೂನ್ 18, ಮಂಗಳವಾರ

ಲ್ಯಾಬಿನಲ್ಲಿ ಹತ್ತೊಂಬತ್ತು ಜನ. ಮೂವರು ಹುಡುಗಿಯರು, ಉಳಿದವರು ಮೀಸೆ ತೀಡುವ ಗಂಡುಹುಡುಗರು. ಮೀಸೆಯವರೇ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕುಕ್ಕುವಾಡದ ಬೋರಣ್ಣ ನಾಲೆ ಗುಂಡಿಗಳಲ್ಲಿ ಹಿಡಿದು ತಂದ ಕಪ್ಪೆಗಳು ತೊಟ್ಟಿಯಲ್ಲಿ ದಪದಪ ಹಾರುತ್ತಿದ್ದವು. ಒಬ್ಬ ಕಪ್ಪೆಯನ್ನು ಎರಡು ಬೆರಳಿನಿಂದ ಸೊಂಟ ಹಿಡಿದು ಎತ್ತಿದ. ಅದು ಜಾರಿ ಅವನ ಅಂಗಿಯೊಳಗೇ ಹೋಯಿತು. ಅವನು ಕೂಗಿದ್ದು ಫಿಸಿಕ್ಸ್ ವಿಭಾಗಕ್ಕೆ ಕೇಳಿಸಿ ಅಲ್ಲಿಂದ ಇಬ್ಬರು ಓಡಿ ಬಂದರು.

ಹಿಡಿಯುವುದು ಹೇಗೆಂದು ತೋರಿಸಿದೆ. ಕಪ್ಪೆಯ ಬೆನ್ನು ಅಂಗೈಗೆ ತಾಗಬೇಕು. ಹಿಂಗಾಲು ಎರಡನ್ನೂ ಹಿಂದಕ್ಕೆ ಎಳೆದು ಕಿರುಬೆರಳು, ಉಂಗುರಬೆರಳಿನ ಸಂದಿಯಲ್ಲಿ ಸಿಕ್ಕಿಸಬೇಕು. ತೋರುಬೆರಳು ಮೂತಿಯ ಮೇಲೆ. ಹಾಗೆ ಹಿಡಿದರೆ ಅದು ಒದೆಯುವುದಿಲ್ಲ, ಗಾಬರಿಯಾಗುವುದಿಲ್ಲ, ಗಂಟಲು ಮಾತ್ರ ಮೆಲ್ಲಗೆ ಆಡುತ್ತದೆ. ಲ್ಯಾಬಿನ ಅಟೆಂಡರ್ ಶಬ್ಬೀರ್ ಸಾಹೇಬರು ನೋಡುತ್ತಾ ನಿಂತಿದ್ದರು. "ಇಪ್ಪತ್ತು ವರ್ಷದಿಂದ ನೋಡ್ತಿದೀನಿ ಅಮ್ಮಾ, ಕಪ್ಪೆ ನಿಮ್ಮ ಕೈಯಾಗ ಕೂತಂಗೆ ಯಾರ ಕೈಯಾಗೂ ಕೂಡಲ್ಲ" ಎಂದರು. ಕಾಲೇಜಿಗೇ ಇನ್ನೂ ಅಷ್ಟು ವರ್ಷವಾಗಿಲ್ಲ. ಆದರೂ ಕೇಳಲು ಚೆನ್ನಾಗಿತ್ತು.

ಕ್ಲೋರೋಫಾರ್ಮ್ ಕೊಟ್ಟು, ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ನಾಲ್ಕು ಕಾಲಿಗೂ ಗುಂಡುಸೂಜಿ ಚುಚ್ಚಿ, ಚರ್ಮ ಬಿಡಿಸಿ ಎದೆ ತೆರೆದೆ. ಹೃದಯ ಬಡಿಯುತ್ತಲೇ ಇತ್ತು. ಮೇಲಿನ ಎರಡು ಕೋಣೆ ಮೊದಲು, ಕೆಳಗಿನ ಒಂದು ಕೋಣೆ ಆಮೇಲೆ. ಉಪ್ಪುನೀರು ಹನಿಸುತ್ತಿದ್ದರೆ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಗೋಡೆಗೆ ಅಂಟಿಕೊಂಡಿದ್ದವರು ಒಬ್ಬೊಬ್ಬರೇ ಹತ್ತಿರ ಬಂದರು. ಅಂಗಿಯೊಳಗೆ ಕಪ್ಪೆ ಹೋಗಿದ್ದ ಹುಡುಗ ಎಲ್ಲರಿಗಿಂತ ಮುಂದೆ ಬಗ್ಗಿ, ಬಾಯಿ ತೆರೆದುಕೊಂಡು ನೋಡುತ್ತಿದ್ದ. ಮೊದಲ ವರ್ಷ ನಾನೂ ಹಾಗೆಯೇ ನಿಂತಿದ್ದೆ. ಅವತ್ತು ನನಗೆ ಪಾಪ ಅನ್ನಿಸಬೇಕಿತ್ತು, ಅನ್ನಿಸಿದ್ದು ಬೇರೆ. ಇಂಥದ್ದೊಂದು ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಸಿಟ್ಟು ಬಂದಿತ್ತು.

ಮೂರು ಪುಟ ಬರೆದಿದ್ದೇನೆ. ಲೈಬ್ರರಿ ಕೆಲಸದ ಬಗ್ಗೆ ಇಷ್ಟು ಸಾಕು.

ಜೂನ್ 22, ಶನಿವಾರ

ಬೆಳಿಗ್ಗೆಯ ಬಸ್ಸಿನಲ್ಲಿ ಅಪ್ಪನ ಜೊತೆ ಹರಿಹರಕ್ಕೆ. ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು.

ಶಾಲೆಯಲ್ಲಿ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಒಂಬತ್ತನೇ ಕ್ಲಾಸು. ಹಿಂದಿನ ಸಾಲಿನಲ್ಲಿ ಕಮಿಟಿಯ ನಾಲ್ವರು ಯಜಮಾನರು, ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಟೋಪಿ. ಪಕ್ಕದಲ್ಲಿ ಅಪ್ಪ. ರಕ್ತ ಪರಿಚಲನೆ ಹೇಳಿ ಎಂದರು ಹೆಡ್‌ಮಿಸ್ಟ್ರೆಸ್. ಬೋರ್ಡಿನ ಮೇಲೆ ಕಪ್ಪೆಯ ಹೃದಯ ಬರೆದೆ. ಪುಸ್ತಕ ನೋಡಲಿಲ್ಲ. ಎಲ್ಲಿ ರಕ್ತ ಬರುತ್ತದೆ, ಎಲ್ಲಿ ಹೋಗುತ್ತದೆ, ಯಾವುದು ಮೊದಲು ಮಿಡಿಯುತ್ತದೆ, ಎಲ್ಲ ಹೇಳಿದೆ. ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ತಿಪ್ಪಮ್ಮ ಎಂದು ಹೆಸರು.

"ಟೀಚರ್, ಒಳಗೆ ಹಿಂಗೇ ಬಡೀತೈತೆ ಅಂತ ನೀವು ನೋಡೀರೇನ್ರಿ?"

ಕಮಿಟಿಯವರು ತಲೆ ಎತ್ತಿದರು. ಅಪ್ಪನೂ ಎತ್ತಿದರು.

"ಇಲ್ಲ. ಪುಸ್ತಕದಲ್ಲಿ ಕೊಟ್ಟಿದಾರೆ" ಎಂದೆ.

ಹುಡುಗಿ ಕೂತಳು. ಅಷ್ಟು ಹೊತ್ತು ಚಿತ್ರ ಬರೆದುಕೊಳ್ಳುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟಳು. ಕಮಿಟಿಯವರಿಗೆ ಪಾಠ ಮೆಚ್ಚಿಗೆಯಾಯಿತು. ಅತ್ತೆಯ ಮೈದುನ ಅಪ್ಪನಿಗೆ, "ನಮ್ಮ ಮಗಳೇ ಬಂದಂಗಾತು ಬಿಡ್ರಿ" ಎಂದರು. ಅಪ್ಪ ಅಲ್ಲೇ ಮಾತು ಕೊಟ್ಟರು. ಅತ್ತೆಯ ಮನೆಯಲ್ಲಿ ಊಟ ಮಾಡಿ ಸಂಜೆಗೆ ವಾಪಸು ಬಂದೆವು. ದಾರಿಯುದ್ದಕ್ಕೂ ಅಪ್ಪ ಖುಷಿಯಾಗಿದ್ದರು.

ಜೂನ್ 23, ಭಾನುವಾರ

ಏನೂ ಇಲ್ಲ. ತಲೆನೋವು.

ಜೂನ್ 29, ಶನಿವಾರ

ಹರಿಹರದಿಂದ ಆರ್ಡರು ಬಂತು. ಜುಲೈ ಹದಿನೈದಕ್ಕೆ ಹಾಜರಾಗಬೇಕು. ಅವ್ವ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು.

ಲ್ಯಾಬಿನಲ್ಲಿ ಬಕ್ಕೇಶಪ್ಪ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಬಂದರು. ಡೆಮಾನ್‌ಸ್ಟ್ರೇಟರ್ ಜಾಗಕ್ಕೆ ನನ್ನ ಹೆಸರೇ ಬರೆದು ಕಳಿಸಿದ್ದರಂತೆ. ಮಂಜೂರಾಗಿದೆ. ಅದೂ ಹದಿನೈದಕ್ಕೇ.

"ಹರಿಹರಕ್ಕೆ ಬರ್ತೀನಿ ಅಂದಾಗಿದೆ ಸರ್" ಎಂದೆ.

"ಅಲ್ಲಿ ಕಪ್ಪೆ ಚಿತ್ರ, ಇಲ್ಲಿ ಕಪ್ಪೆ. ನೋಡಮ್ಮ, ನಾನೇನು ಬಲವಂತ ಮಾಡಲ್ಲ. ಇಷ್ಟು ವರ್ಷದಾಗೆ ಹೆಣ್ಣುಮಗಳು ಯಾರೂ ಈ ಜಾಗಕ್ಕೆ ಬಂದಿಲ್ಲ. ಬರೋರಿಗೆ ಕೈ ಇರಲಿಲ್ಲ, ಕೈ ಇದ್ದೋರನ್ನ ಮನೇಲಿ ಬಿಡ್ಲಿಲ್ಲ" ಎಂದರು.

ಇದರಲ್ಲಿ ಯೋಚಿಸುವುದು ಏನೂ ಇಲ್ಲ. ಅಲ್ಲಿ ಅಪ್ಪ ಮಾತು ಕೊಟ್ಟಾಗಿದೆ. ಇಲ್ಲಿಗೆ ಸೇರಿದರೆ ಮನೆಯಲ್ಲಿ ಏನು ಕೆಲಸ ಎಂದು ಹೇಳಬೇಕು. ಜೀವಮಾನವಿಡೀ ಲೈಬ್ರರಿ ಎನ್ನಲಾಗುವುದಿಲ್ಲ. ಹರಿಹರವೇ ಸರಿ. ಆದರೂ ಮೇಷ್ಟ್ರಿಗೆ ಇಲ್ಲ ಎಂದು ಬರೆದುಕೊಡಲು ಮರೆತು ಬಂದೆ. ಸೋಮವಾರ ಕೊಟ್ಟರಾಯಿತು.

ಜುಲೈ 3, ಬುಧವಾರ

ಮಳೆ ಇಲ್ಲ. ಬೀದಿ ನಲ್ಲಿಯಲ್ಲಿ ನೀರು ಬರುವುದು ಒಂದು ಗಂಟೆ, ಕೊಡದ ಸಾಲು ಎರಡು ಗಂಟೆಯಷ್ಟು. ಮೇಷ್ಟ್ರಿಗೆ ಇನ್ನೂ ಬರೆದುಕೊಟ್ಟಿಲ್ಲ. ನಮ್ಮ ಲ್ಯಾಬಿಗೆ ಹೊಸ ತಟ್ಟೆಗಳು ಬಂದಿವೆ, ಅವಕ್ಕೆ ಮೇಣ ಸುರಿಯುವುದರಲ್ಲೇ ದಿನ ಹೋಯಿತು.

ಜುಲೈ 7, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಒಂಬತ್ತು ಗಂಟೆಗೆ ಬಾಗಿಲಲ್ಲಿ ಸೈಕಲ್ ಗಂಟೆ. ಕುಕ್ಕುವಾಡದ ಬೋರಣ್ಣ. ಕ್ಯಾರಿಯರ್ ಮೇಲೆ ಒದ್ದೆ ಗೋಣಿಚೀಲ, ತಾನಾಗಿಯೇ ಅಲ್ಲಾಡುತ್ತಿತ್ತು. ಬಾಗಿಲಿಗೆ ಹೋದದ್ದು ಅವ್ವ.

"ಅಮ್ಮಾರೆ, ಕಪ್ಪೆ ತಂದೀನ್ರಿ. ಕಾಲೇಜಿಗೆ ಬೀಗ ಐತೆ. ಬೀಗ ಇದ್ರೆ ದಾಕ್ಷಾಯಣಮ್ಮಾರ ಮನೇಗೆ ಕೊಡು ಅಂತ ಶಬ್ಬೀರ್ ಸಾಬ್ರು ಹೇಳಿದ್ರು. ಇಪ್ಪತ್ತು ಅವೆ ನೋಡ್ರಿ."

ನಾನು ಒಳಗೆ ಜಡೆ ಹಾಕಿಕೊಳ್ಳುತ್ತಿದ್ದವಳು ಹಾಗೆಯೇ ನಿಂತೆ. ಯಾವ ಸುಳ್ಳು ಹೇಳಬಹುದೆಂದು ಹುಡುಕುತ್ತಿರುವಾಗಲೇ ಎದುರು ಮನೆಯ ಯಲ್ಲಕ್ಕ ಕಸಬರಿಗೆ ಹಿಡಿದುಕೊಂಡೇ ಓಡಿ ಬಂದಳು.

"ಕಪ್ಪೇನಾ! ಅಯ್ಯ ನಮ್ಮವ್ವ! ಮೂರು ದಿನದಿಂದ ಹುಡುಗ್ರು ಹುಡುಕ್ತಾವೆ, ಒಂದು ಕಪ್ಪೆ ಸಿಕ್ಕಿಲ್ಲ. ನಿಮ್ಮ ಮಗಳು ನೋಡ್ರಿ ಶಕುಂತಲಮ್ಮಾರೆ, ಯಾರಿಗೂ ಹೇಳ್ದಂಗೆ ತರಿಸ್ಯಾಳೆ. ಓದಿದ್ರೆ ಹಿಂಗೆ ಓದ್ಬೇಕು!"

ಮಳೆ ತಡವಾದರೆ ನಮ್ಮ ಬೀದಿಯಲ್ಲಿ ಕಪ್ಪೆ ಮದುವೆ ಮಾಡುತ್ತಾರೆ. ಒಂದು ಜೊತೆ ಕಪ್ಪೆಯನ್ನು ಮೊರದಲ್ಲಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಮನೆ ಮನೆ ಮುಂದೆ ಹೊತ್ತು ನಡೆದರೆ ಎಲ್ಲರೂ ಮೇಲೆ ಒಂದು ಚೊಂಬು ನೀರು ಹಾಕಬೇಕು. ಈ ಸಲ ನಮ್ಮ ವಿನೋಬನಗರದಲ್ಲಿ ಮದುಮಕ್ಕಳೇ ಸಿಕ್ಕಿರಲಿಲ್ಲ. ನಾನು ಸುಳ್ಳು ಹುಡುಕುವ ಕೆಲಸವೇ ಉಳಿಯಲಿಲ್ಲ. ಅದು ತಾನಾಗಿಯೇ ಸೈಕಲ್ ಮೇಲೆ ಬಂದಿತ್ತು. ಅವ್ವ ನನ್ನ ಕಡೆ ತಿರುಗಿ ನಕ್ಕಳು. ಫಲಿತಾಂಶ ಬಂದ ದಿನವೂ ಅವಳು ಅಷ್ಟು ಹೆಮ್ಮೆಯಿಂದ ನಕ್ಕಿರಲಿಲ್ಲ.

ಅರ್ಧ ಗಂಟೆಯಲ್ಲಿ ಹತ್ತು ಹದಿನೈದು ಹೆಂಗಸರು ಸೇರಿದರು. ಚೀಲವನ್ನು ನಮ್ಮ ಬಚ್ಚಲ ತೊಟ್ಟಿಗೆ ಸುರಿದರು. ಯಲ್ಲಕ್ಕ ಸೆರಗು ಸುತ್ತಿದ ಕೈಯಿಂದ ಹಳದಿ ಬಣ್ಣದ ಎರಡು ಕಪ್ಪೆಗಳನ್ನು ಹಿಡಿದು ಮೊರಕ್ಕೆ ಹಾಕಿದಳು.

"ಅವೆರಡೂ ಗಂಡು" ಎಂದೆ.

ಬಾಯಿಂದ ತಾನಾಗಿ ಬಂದುಬಿಟ್ಟಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಗಂಡು ಅಂತ ನಿಂಗೆ ಹೆಂಗೆ ಗೊತ್ತು?"

ಮೊರದಿಂದ ಒಂದನ್ನು ಎತ್ತಿಕೊಂಡೆ. ಗಂಟಲ ಎರಡೂ ಪಕ್ಕ ಚರ್ಮ ಸುಕ್ಕಾಗಿ ನೀಲಿ ಬಣ್ಣವಿದ್ದರೆ ಗಂಡು; ವಟಗುಟ್ಟುವಾಗ ಉಬ್ಬುವುದು ಅದೇ. ಮುಂಗಾಲಿನ ಮೊದಲ ಬೆರಳಲ್ಲಿ ಕಪ್ಪು ದಿಂಬಿನಂತೆ ದಪ್ಪಗಿರುತ್ತದೆ, ಅದೂ ಗಂಡಿಗೇ. ಹೆಣ್ಣಿಗೆ ಇವೆರಡೂ ಇಲ್ಲ, ಮೈ ಮಾತ್ರ ದೊಡ್ಡದು. ತೊಟ್ಟಿಯಿಂದ ಒಂದು ಹೆಣ್ಣನ್ನು ಹಿಡಿದು ಪಕ್ಕದಲ್ಲಿಟ್ಟು ತೋರಿಸಿದೆ. ಹೆಂಗಸರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ಹಿಂದೆ ನಿಂತಿದ್ದ ಮುದುಕಿ ಕರಿಯವ್ವ, "ಅಂದ್ರೆ ಹೋದ ವರ್ಷ ಗಂಡಿಗೂ ಗಂಡಿಗೂ ಮದ್ವಿ ಮಾಡಿದ್ವೇನೋ. ಅದ್ಕೇ ಮಳೆ ಕೈ ಕೊಡ್ತು!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರು ವರ್ಷ ಓದಿದ್ದನ್ನು ಬಾಯಿಬಿಟ್ಟು ಹೇಳಿ, ಅದನ್ನು ನಮ್ಮ ಬೀದಿಯವರು ಕಿವಿಗೊಟ್ಟು ಕೇಳಿದ್ದು ಇದೇ ಮೊದಲು. ನನಗೆ ಬಹಳ ಸಂತೋಷವಾಗಿತ್ತು.

ಯಲ್ಲಕ್ಕ ಅರಿಶಿನದ ಬಟ್ಟಲು ತಂದು ಹೆಣ್ಣುಕಪ್ಪೆಯ ಮೈಗೆಲ್ಲ ಬಳಿಯಲು ಹೊರಟಳು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಮೈತುಂಬ ಬಳಿದರೆ ಸತ್ತುಹೋಗುತ್ತದೆ ಎಂದೆ. "ಹಂಗಾದ್ರೆ ಹಣಿಗೆ ಒಂದು ಬೊಟ್ಟು ಸಾಕು" ಎಂದು ಕರಿಯವ್ವ ತೀರ್ಪು ಕೊಟ್ಟಳು. ಬೊಟ್ಟು ಇಡುವಾಗ ಕಪ್ಪೆ ಜಿಗಿಯದಂತೆ ಹಿಡಿದುಕೊಂಡವಳು ನಾನೇ. ಬೆನ್ನು ಅಂಗೈಗೆ, ಹಿಂಗಾಲು ಎರಡು ಬೆರಳ ಸಂದಿಗೆ, ತೋರುಬೆರಳು ಮೂತಿಯ ಮೇಲೆ.

ಆಗ ಅವ್ವನನ್ನು ನೋಡಿದೆ. ಅವಳು ಕಪ್ಪೆಯನ್ನು ನೋಡುತ್ತಿರಲಿಲ್ಲ. ನನ್ನ ಎಡಗೈಯನ್ನು ನೋಡುತ್ತಿದ್ದಳು. ನಲವತ್ತು ವರ್ಷ ರೊಟ್ಟಿ ಬಡಿದವಳು ಅವಳು. ಒಂದು ಕೈ ಒಂದು ಕೆಲಸವನ್ನು ಎಷ್ಟು ಸಲ ಮಾಡಿದೆ ಎಂದು ಅವಳಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಮುಖದ ಮೇಲಿದ್ದ ನಗು ಹಾಗೆಯೇ ಇಳಿದು ಹೋಯಿತು.

ಮದುವೆ ಆಯಿತು. ಮೆರವಣಿಗೆ ಬೀದಿ ಸುತ್ತಿ ಬಂತು. ನೀರಿಗೆ ಅಷ್ಟು ಬರ ಇದ್ದರೂ ಎಲ್ಲ ಮನೆಯವರೂ ಒಂದೊಂದು ಚೊಂಬು ಹಾಕಿದರು. ಗಂಡು ಹೆಣ್ಣನ್ನು ಕೆರೆಗೆ ಬಿಡಲು ಹುಡುಗರು ಹೋದರು. ಯಲ್ಲಕ್ಕ ತೊಟ್ಟಿಯೊಳಗೆ ಇಣುಕಿದಳು.

"ಇವು ಹದಿನೆಂಟು ಉಳಿದಾವಲ್ಲ ತಂಗಿ, ಏನ್ ಮಾಡ್ತಿ? ಇವನ್ನೂ ಕೆರೆಗೆ ಬಿಡ್ಸಾನಾ?"

ಹೂಂ ಎಂದಿದ್ದರೆ ಮುಗಿದಿತ್ತು. ಬೋರಣ್ಣನಿಗೆ ಇನ್ನೊಂದು ಚೀಲ ತಾ ಎನ್ನಬಹುದಿತ್ತು. ಒಂದು ವಾರ ಕಳೆದರೆ ಹರಿಹರ.

"ನಾಳೆ ಕೊಯ್ತೀನಿ" ಎಂದೆ.

"ಕೊಯ್ದು?"

"ಹೃದಯ ಹೆಂಗೆ ಬಡೀತೈತೆ ಅಂತ ಕಾಲೇಜಿನಾಗೆ ಹುಡುಗ್ರಿಗೆ ತೋರಿಸ್ತೀನಿ. ಮೂರು ವರ್ಷದಿಂದ ಕೊಯ್ತಿದೀನಿ ಯಲ್ಲಕ್ಕ."

ಯಲ್ಲಕ್ಕ ಮೊರವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಹೆಂಗಸರು ಒಬ್ಬೊಬ್ಬರೇ ಮನೆಗೆ ಹೋದರು. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಬಿಸಿಲು ಜೋರಾಗಿತ್ತು.

ಜುಲೈ 8, ಸೋಮವಾರ

ಚೀಲ ಹೊತ್ತುಕೊಂಡು ಕಾಲೇಜಿಗೆ ಹೋದೆ. ಆರು ಕೊಯ್ದೆವು. ಮನೆಗೆ ಬಂದಾಗ ತಟ್ಟೆಯಲ್ಲಿ ಬಡಿಸಿಟ್ಟು ಮುಚ್ಚಿದ ಊಟ ಇತ್ತು. ಅವ್ವ ಹಿತ್ತಲಲ್ಲಿದ್ದಳು.

ಜುಲೈ 10, ಬುಧವಾರ

ಮಳೆ ಬಂತು. ಧೂಳು ಅಡಗುವಷ್ಟು. ಸರಿಯಾದ ಜೊತೆ ಆರಿಸಿದ್ದಕ್ಕೆ ಬಂತು ಎನ್ನುವುದು ಕರಿಯವ್ವನ ಪಕ್ಷ. ಮದುಮಕ್ಕಳ ನೆಂಟರನ್ನು ಕೊಯ್ದದ್ದಕ್ಕೆ ಅಷ್ಟಕ್ಕೇ ನಿಂತಿತು ಎನ್ನುವುದು ಯಲ್ಲಕ್ಕನದು. ನಲ್ಲಿಯ ಹತ್ತಿರ ಇದೇ ಚರ್ಚೆ. ಅಪ್ಪನಿಗೂ ಸುದ್ದಿ ಮುಟ್ಟಿದೆ. ಅವರು ಅಂಗಡಿಯಿಂದ ತಡವಾಗಿ ಬಂದರು.

ಅವ್ವ ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನ.

ಜುಲೈ 11, ಗುರುವಾರ

ಪೂಜೆಗೆ ಕೂತಿದ್ದೆ. ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚ ಹೊರಟವಳಿಗೆ ಬಾಗಿಲಲ್ಲಿ ಅವ್ವ ನಿಂತಿರುವುದು ಕಾಣಿಸಿತು.

"ಮೂರು ವರ್ಷ ಅಂದ್ಯಲ್ಲ ಅವತ್ತು. ನಿಜಾನಾ?"

"ಹೂಂ, ಅವ್ವ."

"ಮತ್ತೆ ಆನೆ, ಹುಲಿ, ಒಂಟೆ?"

"ಅವು ಪುಸ್ತಕದಾಗೆ ಇದ್ವು."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಆ ಒಂಟೆ ಬಗ್ಗೆ ನಾನು ಯಲ್ಲಕ್ಕಂಗೆ ಹೇಳ್ತಿದ್ದೆ. ನಮ್ಮ ಹುಡುಗಿ ಒಂಟೆ ಹೊಟ್ಟೆಯಾಗ ನೀರು ಎಲ್ಲಿ ಇರ್ತೈತೆ ಅಂತ ಓದ್ಯಾಳೆ ಅಂತ. ಕೈಯಾಗ ಇರೋನಿಗೆ ಗೊತ್ತಿತ್ತು. ನನಗೆ ಒಬ್ಬಾಕಿಗೇ ಗೊತ್ತಿರಲಿಲ್ಲ."

ಹೇಳಿ ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಕಪ್ಪೆ ಕೊಯ್ದದ್ದಕ್ಕೆ ಈಗಲೂ ಆಗುವುದಿಲ್ಲ. ಆ ಒಂಟೆಗೆ ಆಯಿತು. ಅತ್ತುಬಿಟ್ಟೆ. ಪೂಜೆ ಮುಗಿಸಲು ಬಹಳ ಹೊತ್ತಾಯಿತು, ಕಾಲೇಜಿಗೆ ತಡವಾಗಿ ಹೋದೆ.

ಜುಲೈ 14, ಭಾನುವಾರ

ನಾಳೆ ಹದಿನೈದು. ಅವ್ವ ನನ್ನ ಟ್ರಂಕನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದಳು. ಅಪ್ಪ ಊಟವಾದ ಮೇಲೆ, "ಬೆಳಿಗ್ಗೆ ಏಳಕ್ಕೆ ಬಸ್ಸು. ಹರಿಹರಕ್ಕೆ ಹೋದ್ರೆ ಎಲ್ಲಾ ಮರ್ತು ಹೋಗ್ತೈತೆ. ಅಲ್ಲಿ ಯಾರಿಗೂ ಏನೂ ಹೇಳಿಲ್ಲ" ಎಂದರು.

"ನಾನು ಹೋಗಲ್ಲ ಅಪ್ಪಾಜಿ. ಕಾಲೇಜಿಗೇ ಸೇರ್ತೀನಿ" ಎಂದೆ.

ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುವವರು ಹಾಗೇ ಕೈಯಲ್ಲಿ ಹಿಡಿದರು. "ನಾಲ್ಕು ಜನದ ಮುಂದೆ ನಾನು ಮಾತು ಕೊಟ್ಟೀನಿ."

"ಗೊತ್ತು. ಕಮಿಟಿಯವ್ರಿಗೆ ನಾನೇ ಕಾಗದ ಬರೀತೀನಿ."

"ಏನಂತ ಬರೀತಿ?"

"ಇದ್ದಿದ್ದು."

"ಬ್ಯಾಡ. ಆರೋಗ್ಯ ಸರಿ ಇಲ್ಲ ಅಂತ ಬರಿ. ಮರ್ಯಾದೆನಾದ್ರೂ ಉಳೀತೈತೆ."

ಅರ್ಧ ಪುಟದ ಕಾಗದ ಬರೆದು ಅವರ ಮುಂದಿಟ್ಟೆ. ಕಾಲೇಜಿನಲ್ಲಿ ಪ್ರಾಣಿಗಳನ್ನು ಕೊಯ್ದು ತೋರಿಸುವ ಕೆಲಸಕ್ಕೆ ಸೇರುತ್ತಿದ್ದೇನೆ, ಕೊಟ್ಟ ಮಾತು ತಪ್ಪಿದ್ದು ನಾನು, ನನ್ನ ತಂದೆಯವರಲ್ಲ, ಕ್ಷಮಿಸಬೇಕು. ಅಪ್ಪ ಎರಡು ಸಲ ಓದಿದರು. ನಾನು ಅಂಚೆಗೆ ಹಾಕಲೆಂದು ಕೈ ಚಾಚಿದೆ. ಕೊಡಲಿಲ್ಲ.

"ಇದು ಅಂಚೆಗೆ ಹಾಕೋ ಕಾಗದ ಅಲ್ಲ. ಮಾತು ಕೊಟ್ಟೋನು ನಾನು, ನಾನೇ ಹೋಗಿ ಕೊಡ್ತೀನಿ" ಎಂದು ಕೋಟು ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೋದರು. ನಾನು ಇಷ್ಟು ವರ್ಷದಲ್ಲಿ ಅವರು ಭಾನುವಾರ ಮಧ್ಯಾಹ್ನ ಮಲಗದೆ ಹೊರಗೆ ಹೋಗಿದ್ದನ್ನು ನೋಡಿಲ್ಲ. ಸಂಜೆ ವಾಪಸು ಬಂದು, "ನಿಮ್ಮತ್ತೆ ಊಟಕ್ಕೇಳು ಅನ್ನಲಿಲ್ಲ" ಎಂದಷ್ಟೇ ಹೇಳಿದರು. ಅವರ ಮುಖ ನೋಡಲು ನನಗೆ ಬಹಳ ಕಷ್ಟವಾಯಿತು.

ಜುಲೈ 15, ಸೋಮವಾರ

ಕೆಲಸಕ್ಕೆ ಸೇರಿದೆ. ರಿಜಿಸ್ಟರಿನಲ್ಲಿ ಸಹಿ. ಶಬ್ಬೀರ್ ಸಾಹೇಬರು ಪೇಡೆ ಹಂಚಿದರು.

ಸಂಜೆ ಮನೆಯ ಹತ್ತಿರ ಬಂದಾಗ ಅವ್ವ ಮುಂಬಾಗಿಲಲ್ಲಿ ಅಡ್ಡ ನಿಂತಿದ್ದಳು. ಹೊರಗೆ ಹಾಕುತ್ತಾಳೆ ಎಂದುಕೊಂಡೆ.

"ಇತ್ಲಾಗೆ ಬರಬ್ಯಾಡ. ಹಿತ್ತಲಿಂದ ಬಾ."

ಸುತ್ತಿಕೊಂಡು ಹಿತ್ತಲಿಗೆ ಹೋದೆ. ಬಚ್ಚಲ ಒಲೆ ಉರಿಯುತ್ತಿತ್ತು, ಹಂಡೆಯಲ್ಲಿ ನೀರು ಕಾದಿತ್ತು. ಗೂಟದ ಮೇಲೆ ಒಗೆದ ಸೀರೆ, ಹೊಸ ಸೋಪು.

"ಇವತ್ತು ಎಷ್ಟು?" ಎಂದಳು ಅವ್ವ.

ಮೊದಲು ಅರ್ಥವಾಗಲಿಲ್ಲ. ಆಮೇಲೆ, "ಎರಡು" ಎಂದೆ.

"ಜೀವಕ್ಕೊಂದು ಚೊಂಬು, ತಲೆ ಮೇಲೆ ಹಾಕ್ಕೋ. ಆಮೇಲೆ ಮೈ ತೊಳ್ಕೊಂಡು, ಲಿಂಗಕ್ಕೆ ಕೈ ಮುಗಿದು ಒಳಗೆ ಬಾ."

"ದಿನಾ ಕೊಯ್ತೀವಿ ಅವ್ವ."

"ದಿನಾ ಹಾಕ್ಕೋ."

ಇಂಥ ಶಾಸ್ತ್ರ ಎಲ್ಲೂ ಇಲ್ಲ. ಅವಳೇ ಕೂತು ಮಾಡಿದ್ದು. ಒಳಗೆ ಹೋದಾಗ ಎದುರು ಕೂತು ಬಿಸಿ ರೊಟ್ಟಿ ಹಾಕಿದಳು. ಅಪ್ಪ ಮಾತ್ರ ನಿನ್ನೆ ಸಂಜೆಯ ಆ ಒಂದು ಮಾತಿನ ಮೇಲೆ ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಜುಲೈ 17, ಬುಧವಾರ

ನಾಲ್ಕು.

ಜುಲೈ 19, ಶುಕ್ರವಾರ

ಎರಡು ಬ್ಯಾಚು ಒಟ್ಟಿಗೆ ಬಂದವು. ನಲವತ್ತು ಹುಡುಗರು. ಬೆಳಿಗ್ಗೆಯಿಂದ ಕೂರಲು ಪುರುಸೊತ್ತಿಲ್ಲ. ಹನ್ನೆರಡು ಕಪ್ಪೆ.

ನಮ್ಮ ಬೀದಿ ನಲ್ಲಿಗೆ ಎರಡು ದಿನದಿಂದ ನೀರು ಬಂದಿಲ್ಲ. ಸಂಜೆ ತಿರುವಿನಲ್ಲಿ ಅವ್ವನನ್ನು ಕಂಡೆ. ಆಚೆ ಬೀದಿಯ ಸೇದೋ ಬಾವಿಯಿಂದ ಸೊಂಟದ ಮೇಲೊಂದು, ತಲೆಯ ಮೇಲೊಂದು ಕೊಡ ಇಟ್ಟುಕೊಂಡು ಬರುತ್ತಿದ್ದಳು. ಸೆರಗು ಒದ್ದೆಯಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಸೊಂಟದ ಮೇಲಿನ ಕೊಡ ಇಸಿದುಕೊಳ್ಳಲು ಹೋದೆ. "ಮುಟ್ಟಬ್ಯಾಡ, ನೀನಿನ್ನೂ ನೀರು ಹಾಕ್ಕೊಂಡಿಲ್ಲ" ಎಂದಳು. ಅವಳ ಹಿಂದೆ ಖಾಲಿ ಕೈಯಲ್ಲಿ ನಡೆದೆ.

ಆ ಎರಡು ಕೊಡದಲ್ಲೇ ಅಡಿಗೆ, ಕುಡಿಯಲು, ಅಪ್ಪನ ಕೈಕಾಲಿಗೆ, ನನ್ನ ತಲೆಗೆ. ಒಂದು ಕೊಡ ಹಂಡೆಗೆ ಸುರಿದು ಒಲೆ ಊದುತ್ತಾ, ನನ್ನ ಕಡೆ ನೋಡದೆ ಕೇಳಿದಳು.

"ಎಷ್ಟು?"

ಹಂಡೆಯಲ್ಲಿದ್ದದ್ದು ಎಂಟು ಚೊಂಬು ಬಂದರೆ ಹೆಚ್ಚು. ಮೂರು ಎಂದಿದ್ದರೆ ಅವಳು ಆ ಹೊತ್ತಿನಲ್ಲಿ ಮತ್ತೆ ಬಾವಿಗೆ ಹೋಗುವುದು ತಪ್ಪುತ್ತಿತ್ತು. ಮೂರು ಎನ್ನುವುದು ನನಗೆ ಎಷ್ಟು ಹೊತ್ತಿನ ಕೆಲಸ. ಅವಳು ನಂಬುತ್ತಿದ್ದಳು.

"ಹನ್ನೆರಡು" ಎಂದೆ.

ಅವ್ವ ಊದುಗೊಳವೆ ಕೆಳಗಿಟ್ಟು ನನ್ನ ಮುಖವನ್ನು ಒಂದು ಸಲ ನೋಡಿದಳು. ಮಂಡಿ ಹಿಡಿದುಕೊಂಡು ಎದ್ದು, ಖಾಲಿ ಕೊಡ ಸೊಂಟಕ್ಕೆ ಏರಿಸಿಕೊಂಡು ಬಾವಿಗೆ ಹೋದಳು.